ಪ್ರಶ್ನೋತ್ತರ: ಕಂಪ್ಯೂಟರ್ ಜೋಡಿಸಿದ ಹ್ಯಾಮ್ ರೇಡಿಯೊ

ಹ್ಯಾಮ್ ರೇಡಿಯೊದಲ್ಲಿ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳ ರೇಡಿಯೊದಲ್ಲಿ, ಡಿಜಿಟಲ್ ಸಂವಹನ ಕುರಿತು ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಒಂದೇ ಸಂದೇಹವನ್ನು ಹಲವರು ಬರೆದಿದ್ದಲ್ಲಿ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ರಿಸ್ಟ್ರಿಕ್ಟೆಡ್ ದರ್ಜೆಯ ಪರವಾನಗಿ ದೊರೆತು ವಿಯು3 ಕರೆಸಂಕೇತ ಬಂದಿದೆ. ಹಿರಿಯ ಹ್ಯಾಮ್ ಒಬ್ಬರು ತಮ್ಮ ಹಳೆಯ ಎಚ್‌ಎಫ್ (ಹ್ರಸ್ವತರಂಗ) ಟ್ರಾನ್ಸೀವರ್ ಕೊಟ್ಟಿದ್ದಾರೆ. ನಮ್ಮ ತಾರಸಿ ಚಿಕ್ಕದು, ದೊಡ್ಡ ಆಂಟೆನಾಗೆ ಜಾಗವಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ಎಫ್‌ಟಿ8 ಆರಂಭಿಸುವುದು ಹೇಗೆ? — ತುಮಕೂರು

ಉತ್ತರ: ಚಿಕ್ಕ ತಾರಸಿ, ಸಾಧಾರಣ ಆಂಟೆನಾ ಮತ್ತು ಕಡಿಮೆ ಶಕ್ತಿಯಲ್ಲೇ ತೃಪ್ತರಾಗಬೇಕಾದವರಿಗೆ, ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳುಹಿಸುವ ಎಫ್‌ಟಿ8 ಕೈಹಿಡಿಯುವಷ್ಟು ಬೇರೆ ಯಾವ ವಿಧಾನವೂ ಕೈಹಿಡಿಯುವುದಿಲ್ಲ. ಇದನ್ನು 2017ರಲ್ಲಿ ಹೊರತಂದವರು ಸ್ಟೀವ್ ಫ್ರಾಂಕ್ ಮತ್ತು ಜೋ ಟೇಲರ್. ಹೆಸರಿನಲ್ಲಿರುವ ಎರಡು ಅಕ್ಷರಗಳು ಅವರವು, 8 ಎಂಬುದು ಅದು ಬಳಸುವ ಸ್ವರಗಳ ಸಂಖ್ಯೆ. ಟೇಲರ್ ಅವರು ಜೋಡಿ ಪಲ್ಸಾರ್‌ನ (ರೇಡಿಯೊ ಮಿಡಿತ ಹೊರಡಿಸುವ ತಾರೆ) ಶೋಧಕ್ಕಾಗಿ ರಸೆಲ್ ಹಲ್ಸ್ ಅವರೊಂದಿಗೆ 1993ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಖಗೋಳ ವಿಜ್ಞಾನಿ. ಗದ್ದಲದಲ್ಲಿ ಹೂತುಹೋದ ಕ್ಷೀಣ ಸಂಕೇತವನ್ನು ಹೆಕ್ಕಿ ತೆಗೆಯುವುದೇ ಅವರ ಜೀವಮಾನದ ಕೆಲಸವಾಗಿತ್ತು. ಆ ವಿದ್ಯೆಯನ್ನು ಅವರು ಹ್ಯಾಮ್‌ಗಳಿಗೆ ಉಚಿತ ತಂತ್ರಾಂಶದ ರೂಪದಲ್ಲಿ ಧಾರೆಯೆರೆದಿದ್ದಾರೆ.

ಕಂಪ್ಯೂಟರ್ ಮಾಡುವ ಕೆಲಸ ಹೀಗಿದೆ. ನಿಮ್ಮ ಸಂದೇಶವನ್ನು 77 ಬಿಟ್‌ಗಳಿಗೆ ಅಡಕಗೊಳಿಸಿ, ದಾರಿಯಲ್ಲಿ ಒಂದಷ್ಟು ಕಳೆದುಹೋದರೂ ಸರಿಪಡಿಸಿಕೊಳ್ಳಲು ಬೇಕಾದ ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿ, ಎಂಟು ಸ್ವರಗಳ ಸರಣಿಯನ್ನಾಗಿ ಮಾಡಿ, ಸೌಂಡ್ ಕಾರ್ಡಿನ ಮೂಲಕ ರಿಗ್‌ಗೆ (ಟ್ರಾನ್ಸೀವರಿಗೆ) ಒಪ್ಪಿಸುತ್ತದೆ. ರಿಗ್ ಅದನ್ನು ಮಾತಿನಂತೆಯೇ ಎಸ್‌ಎಸ್‌ಬಿಯಲ್ಲಿ, ಅಂದರೆ ತರಂಗದ ಒಂದು ಪಾರ್ಶ್ವವನ್ನು ಮಾತ್ರ ಬಳಸಿ, ಪ್ರಸಾರ ಮಾಡುತ್ತದೆ. ಪ್ರತಿ ಪ್ರಸಾರಕ್ಕೆ 15 ಸೆಕೆಂಡಿನ ಒಂದು ಪಾಳಿ, ಅದರಲ್ಲಿ 12.64 ಸೆಕೆಂಡು ಸ್ವರ ಹೊರಡುತ್ತದೆ. ಇಡೀ ಸಂಕೇತ ಆಕ್ರಮಿಸುವ ಅಗಲ ಸುಮಾರು 50 ಹರ್ಟ್ಸ್ ಮಾತ್ರ. ಹೀಗಾಗಿ ಒಬ್ಬರು ಮಾತನಾಡುವಷ್ಟು ಜಾಗದಲ್ಲಿ ಹತ್ತಾರು ನಿಲ್ದಾಣಗಳು ಒಟ್ಟಿಗೆ ಕೆಲಸ ಮಾಡಬಹುದು. 2,500 ಹರ್ಟ್ಸ್ ಅಗಲದ ಗದ್ದಲಕ್ಕಿಂತ ಸುಮಾರು 21 ಡೆಸಿಬೆಲ್ ಕೆಳಗಿರುವ, ಅಂದರೆ ಕಿವಿಗೆ ಏನೇನೂ ಕೇಳಿಸದ ಸಂಕೇತವನ್ನೂ ತಂತ್ರಾಂಶ ಓದಬಲ್ಲದು.

ತಾರಸಿಯ ನಡುವೆ ಒಂದು ಬೊಂಬು ನಿಲ್ಲಿಸಿ, ಎರಡೂ ಕಡೆಗೆ ಸುಮಾರು 5 ಮೀಟರ್ ಉದ್ದದ ತಂತಿಯನ್ನು ಇಳಿಜಾರಾಗಿ ಕಟ್ಟಿದರೆ 20 ಮೀಟರ್ ಬ್ಯಾಂಡಿನ ಡೈಪೋಲ್ ಸಿದ್ಧ. ತುದಿಗಳು ಯಾರ ಕೈಗೂ ಎಟುಕದಂತಿರಲಿ, ವಿದ್ಯುತ್ ತಂತಿಗಳಿಂದ ಬಹು ದೂರವಿರಲಿ. ಎಫ್‌ಟಿ8 ಬಳಗ ಸೇರುವುದು 14.074 ಮೆಗಾಹರ್ಟ್ಸ್‌ನಲ್ಲಿ, 40 ಮೀಟರ್ ಬ್ಯಾಂಡಿನಲ್ಲಾದರೆ 7.074ರಲ್ಲಿ. 7 ಮೆಗಾಹರ್ಟ್ಸ್‌ನಲ್ಲಿ ಮಾತಿಗೆ ಎಲ್‌ಎಸ್‌ಬಿ (ಕೆಳ ಪಾರ್ಶ್ವ) ಬಳಸುವುದು ರೂಢಿಯಾದರೂ ಎಫ್‌ಟಿ8ಗೆ ಎಲ್ಲ ಬ್ಯಾಂಡ್‌ಗಳಲ್ಲೂ ಯುಎಸ್‌ಬಿಯನ್ನೇ (ಮೇಲಿನ ಪಾರ್ಶ್ವ) ಇಡಬೇಕು. ಎಲ್‌ಎಸ್‌ಬಿಯಲ್ಲಿಟ್ಟರೆ ಪರದೆಯ ಮೇಲೆ ಗೆರೆಗಳು ಕಾಣುತ್ತವೆ, ಒಂದಕ್ಷರವೂ ಮೂಡುವುದಿಲ್ಲ.

ಹೊಸ ರಿಗ್‌ಗಳಲ್ಲಿ ಸೌಂಡ್ ಕಾರ್ಡ್ ಒಳಗೇ ಇರುವುದರಿಂದ ಕಂಪ್ಯೂಟರಿನ ಒಂದು ಯುಎಸ್‌ಬಿ ಕೇಬಲ್ ಸಾಕು. ನಿಮ್ಮದು ಹಳೆಯದಾದ್ದರಿಂದ ನಡುವೆ ಇಂಟರ್‌ಫೇಸ್ ಬೇಕು. ರಿಗ್‌ನಿಂದ ಬರುವ ಧ್ವನಿ, ರಿಗ್‌ಗೆ ಹೋಗುವ ಧ್ವನಿ ಮತ್ತು ಪಿಟಿಟಿ (ರಿಗ್ಗನ್ನು ಪ್ರಸಾರಕ್ಕೆ ತಿರುಗಿಸುವ ಸ್ವಿಚ್), ಈ ಮೂರು ದಾರಿಗಳನ್ನು ಅದು ಒದಗಿಸಬೇಕು. ಹಿಂಬದಿಯಲ್ಲಿ ಡೇಟಾ ಅಥವಾ ಆಕ್ಸೆಸರಿ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಅಲ್ಲಿ ಸಿಗುವ ಧ್ವನಿಯ ಮಟ್ಟ ಮುಂಬದಿಯ ವಾಲ್ಯೂಮ್ ತಿರುಗಿಸಿದರೂ ಬದಲಾಗುವುದಿಲ್ಲ. ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್, 600 ಓಮ್‌ನ ಒಂದಕ್ಕೊಂದು ಅನುಪಾತದ ಎರಡು ಟ್ರಾನ್ಸ್‌ಫಾರ್ಮರ್ ಮತ್ತು ಪಿಟಿಟಿಗೆ ಒಂದು ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಇದ್ದರೆ ನೀವೇ ಇದನ್ನು ಕಟ್ಟಿಕೊಳ್ಳಬಹುದು. ಟ್ರಾನ್ಸ್‌ಫಾರ್ಮರ್ ಉಳಿಸುವ ಆಸೆ ಬೇಡ. ರಿಗ್‌ನ ಗ್ರೌಂಡಿಗೂ ಲ್ಯಾಪ್‌ಟಾಪ್‌ನ ಗ್ರೌಂಡಿಗೂ ನೇರ ಸಂಪರ್ಕ ಬಿದ್ದರೆ ಗುಂಯ್‌ಗುಡುವ ಹಮ್ ಸೇರಿಕೊಳ್ಳುತ್ತದೆ. ಪ್ರಸಾರ ಶುರುವಾದೊಡನೆ ಮೌಸ್ ಸ್ತಬ್ಧವಾಗುವುದು ಅಥವಾ ಯುಎಸ್‌ಬಿ ಕಡಿದುಹೋಗುವುದು ಕಂಡುಬಂದರೆ ರೇಡಿಯೊ ತರಂಗ ಕೇಬಲ್ ಮೂಲಕ ಹಿಂದಿರುಗುತ್ತಿದೆ ಎಂದು ತಿಳಿದು, ಕೇಬಲ್‌ಗಳ ಎರಡೂ ತುದಿಗೆ ಫೆರೈಟ್ (ಇಂಥ ತರಂಗ ತಡೆಯುವ ಕಾಂತೀಯ ಉಂಗುರ) ಹಾಕಿ.

ಇನ್ನು ನಾನು ಅತಿ ಮುಖ್ಯವೆಂದು ಬಗೆಯುವ ಸಂಗತಿ: ಧ್ವನಿಯ ಮಟ್ಟ. ಮೊದಲು ರಿಗ್‌ನಲ್ಲಿ ಸ್ಪೀಚ್ ಕಂಪ್ರೆಸರ್, ನಾಯ್ಸ್ ಬ್ಲ್ಯಾಂಕರ್ ಮತ್ತು ನಾಯ್ಸ್ ರಿಡಕ್ಷನ್ ಆರಿಸಿ. ಆಂಟೆನಾ ಬದಲು ಡಮ್ಮಿ ಲೋಡ್ (ಶಕ್ತಿಯನ್ನು ಹೊರಸೂಸದೆ ಹೀರಿಕೊಳ್ಳುವ ರೋಧಕ) ಜೋಡಿಸಿ, ರಿಗ್‌ನ ಮೀಟರನ್ನು ಎಎಲ್‌ಸಿಗೆ (ಧ್ವನಿ ಮಿತಿಮೀರಿದ್ದನ್ನು ತೋರಿಸುವ ಅಳತೆ) ತಿರುಗಿಸಿ. ಎಫ್‌ಟಿ8 ನಡೆಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶದ ಬಲ ಅಂಚಿನಲ್ಲಿರುವ ಶಕ್ತಿಯ ಜಾರುಗುಂಡಿಯನ್ನು ಪೂರ್ತಿ ಕೆಳಗಿಳಿಸಿ ಟ್ಯೂನ್ ಒತ್ತಿ, ನಿಧಾನವಾಗಿ ಮೇಲಕ್ಕೆ ಸರಿಸುತ್ತ ಬನ್ನಿ. ಎಎಲ್‌ಸಿ ಮುಳ್ಳು ಅಲುಗಲು ಆರಂಭಿಸಿದ ಜಾಗದಿಂದ ಒಂದಿಷ್ಟು ಕೆಳಗೆ ನಿಲ್ಲಿಸಿ. ಅಲ್ಲಿಂದ ಮೇಲೇರಿಸಿದರೆ ಶಕ್ತಿ ಹೆಚ್ಚಿದಂತೆ ತೋರಬಹುದು, ಆದರೆ ಹೊರಡುವುದು ಕೊಳಕು ಸಂಕೇತ: 600 ಹರ್ಟ್ಸ್‌ನಲ್ಲಿ ಕರೆಯುತ್ತಿರುವ ನಿಲ್ದಾಣದ ನೆರಳುಗಳು 1,200, 1,800 ಮತ್ತು 2,400 ಹರ್ಟ್ಸ್‌ಗಳಲ್ಲೂ ಮೂಡಿ, ಅಲ್ಲಿರುವ ಮೂವರ ಕೆಲಸ ಕೆಡುತ್ತದೆ. ಕರೆಯುವ ಸ್ವರವನ್ನು 1,500 ಹರ್ಟ್ಸ್‌ಗಿಂತ ಮೇಲಿಟ್ಟರೆ ನೆರಳುಗಳು 3,000 ದಾಟಿ ರಿಗ್‌ನ ಫಿಲ್ಟರಿನಲ್ಲೇ ಸಾಯುತ್ತವೆ. ಸೆಟ್ಟಿಂಗ್ಸ್‌ನಲ್ಲಿರುವ ‘ಸ್ಪ್ಲಿಟ್ ಆಪರೇಶನ್’ ಆರಿಸಿಕೊಂಡರೆ ತಂತ್ರಾಂಶವೇ ಸ್ವರವನ್ನು 1,500ರಿಂದ 2,000 ಹರ್ಟ್ಸ್ ನಡುವೆ ಇಟ್ಟುಕೊಂಡು ರಿಗ್‌ನ ಆವರ್ತನವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತದೆ. ಲ್ಯಾಪ್‌ಟಾಪ್‌ನ ಸಾಮಾನ್ಯ ಸದ್ದುಗಳು ಈ ಸೌಂಡ್ ಕಾರ್ಡಿಗೆ ಹೋಗದಂತೆಯೂ ನೋಡಿಕೊಳ್ಳಿ. ಇಮೇಲ್ ಬಂದ ಘಂಟಾನಾದ ಲೋಕಕ್ಕೆಲ್ಲ ಪ್ರಸಾರವಾಗಬಾರದು.

ಶಕ್ತಿ 20–25 ವಾಟ್ ಧಾರಾಳವಾಯಿತು. ಮಾತಿನಲ್ಲಿ ರಿಗ್‌ಗೆ ಉಸಿರಾಡಲು ಬಿಡುವು ಸಿಗುತ್ತದೆ, ಎಫ್‌ಟಿ8ರಲ್ಲಿ 12.64 ಸೆಕೆಂಡೂ ಪೂರ್ಣ ಶಕ್ತಿ ಹರಿಯುತ್ತದೆ. ಹಳೆಯ ರಿಗ್‌ನ ಅಂತಿಮ ಹಂತದ ಟ್ರಾನ್ಸಿಸ್ಟರ್‌ಗಳು ಸುಟ್ಟರೆ ಬದಲಿ ಹುಡುಕುವುದು ಕಷ್ಟ. ಮೊದಲ ಒಂದೆರಡು ವಾರ ಬರೀ ಕೇಳಿ. ಯಾವ ಹೊತ್ತಿಗೆ ಯಾವ ದಿಕ್ಕು ತೆರೆದುಕೊಳ್ಳುತ್ತದೆ ಎಂಬುದು ಕಣ್ಣಿಗೆ ಕಟ್ಟಿದ ಮೇಲೆ ಕರೆಯಲು ಆರಂಭಿಸಿ.

ಪ್ರಶ್ನೆ: ಪರದೆಯ ಮೇಲೆ ಉದ್ದುದ್ದ ಹಳದಿ ಗೆರೆಗಳೇ ತುಂಬಿಕೊಂಡಿರುತ್ತವೆ. ಹಗಲಿನಲ್ಲಿ ಹೆಚ್ಚು, ಕತ್ತಲಾದ ಮೇಲೆ ಕಡಿಮೆ. ನಮ್ಮ ತಾಲ್ಲೂಕಿನಲ್ಲಿ ದೊಡ್ಡ ಸೌರ ಪಾರ್ಕ್ ಇದೆ; ಅದರಿಂದಲೇ ಹೀಗಾಗುತ್ತಿದೆಯೆ? ತೋಟದಲ್ಲಿ ಸೋಲಾರ್ ಪಂಪ್ ಕೂಡ ಹಾಕಿಸಿದ್ದೇನೆ. — ಪಾವಗಡ

ಉತ್ತರ: 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕು ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಅನುಮಾನ ಅದರ ಮೇಲೆ ಹೋಗುವುದು ಸಹಜ. ಆದರೆ ಎಚ್‌ಎಫ್ ಬ್ಯಾಂಡ್‌ಗಳ ಗದ್ದಲದ ಮೂಲ ಸಾಮಾನ್ಯವಾಗಿ ನಮ್ಮ ಆಂಟೆನಾದ ಸಮೀಪದಲ್ಲೇ, ಬಹುಮಟ್ಟಿಗೆ ನಮ್ಮದೇ ಮನೆಯಲ್ಲಿ ಇರುತ್ತದೆ. ನಿಮ್ಮ ಪಂಪಿನ ನಿಯಂತ್ರಕವು ಫಲಕದ ಏಕಮುಖ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಮೋಟರಿಗೆ ಕೊಡುತ್ತದೆ. ಆ ಕಡಿತದ ಮೊನಚು ಅಂಚುಗಳಿಂದ ಹುಟ್ಟುವ ಮೇಲಾವರ್ತನಗಳು ಹಲವು ಮೆಗಾಹರ್ಟ್ಸ್‌ವರೆಗೆ ಹಬ್ಬುತ್ತವೆ. ಫಲಕದಿಂದ ನಿಯಂತ್ರಕಕ್ಕೆ, ಅಲ್ಲಿಂದ ಕೊಳವೆಬಾವಿಗೆ ಎಳೆದ ಉದ್ದನೆಯ ತಂತಿಗಳು ಅವನ್ನು ಆಂಟೆನಾದಂತೆ ಬಿತ್ತರಿಸುತ್ತವೆ.

ಪರೀಕ್ಷೆ ಸುಲಭ. ರಿಗ್ಗನ್ನು 12 ವೋಲ್ಟ್ ಬ್ಯಾಟರಿಯಿಂದ, ಲ್ಯಾಪ್‌ಟಾಪನ್ನು ಅದರದೇ ಬ್ಯಾಟರಿಯಿಂದ ನಡೆಸುತ್ತ, ವಾಟರ್‌ಫಾಲ್ (ಸಂಕೇತಗಳು ಗೆರೆಗಳಾಗಿ ಮೂಡುವ ಕಿಟಕಿ) ನೋಡುತ್ತಿರುವಾಗ ಮನೆಯ ಮೇನ್ ಸ್ವಿಚ್ ಇಳಿಸಿ. ಗೆರೆಗಳು ಅಲ್ಲಿಯೇ ಮಾಯವಾದರೆ ಕಳ್ಳ ಮನೆಯೊಳಗಿದ್ದಾನೆ. ಒಂದೊಂದೇ ಎಂಸಿಬಿ ಏರಿಸುತ್ತ ಹೋದರೆ ಲ್ಯಾಪ್‌ಟಾಪಿನ ಚಾರ್ಜರೋ, ಎಲ್‌ಇಡಿ ಬಲ್ಬೋ, ಯುಪಿಎಸ್ಸೋ ಎಂಬುದು ಗೊತ್ತಾಗುತ್ತದೆ. ಗೆರೆಗಳು ಉಳಿದರೆ ಪಂಪಿನ ನಿಯಂತ್ರಕ ಆರಿಸಿ ನೋಡಿ. ತಪ್ಪು ಅದರದ್ದೆಂದು ಖಚಿತವಾದಾಗ ಫಲಕದ ಎರಡೂ ತಂತಿಗಳನ್ನು ಜೊತೆಯಾಗಿ ಹೊಸೆದು, ನಿಯಂತ್ರಕಕ್ಕೆ ಹತ್ತಿರದಲ್ಲಿ ದೊಡ್ಡ ಫೆರೈಟ್ ಉಂಗುರದ ಮೂಲಕ ಕೆಲವು ಸುತ್ತು ಹಾಯಿಸಬೇಕು. ಮೋಟರಿನ ಕಡೆಗೂ ಹಾಗೆಯೇ. ಏಕಮುಖ ವಿದ್ಯುತ್ತಿನ ವೋಲ್ಟೇಜ್ ಅಪಾಯಕಾರಿಯಾದ್ದರಿಂದ ಈ ಕೆಲಸವನ್ನು ಬಲ್ಲ ಎಲೆಕ್ಟ್ರಿಶಿಯನ್ ಕೈಯಲ್ಲೇ ಮಾಡಿಸಿ. ಆಂಟೆನಾವನ್ನು ತೋಟದ ಇನ್ನೊಂದು ಮಗ್ಗುಲಿಗೆ ಸಾಗಿಸುವುದೂ ಬಹಳ ಫಲ ಕೊಡುತ್ತದೆ.

ಇಷ್ಟು ಶ್ರಮ ಏಕೆಂದು ನಿಮಗೆ ಅನ್ನಿಸಬಹುದು. ಬೆಂಗಳೂರಿನ ಹ್ಯಾಮ್‌ಗಳು ಹಣ ಕೊಟ್ಟರೂ ಪಡೆಯಲಾಗದ ನಿಶ್ಶಬ್ದ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿದೆ. ನಿಮ್ಮಿಂದ ಹೆಚ್ಚು ದೂರವಿಲ್ಲದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಜೊತೆಗೂಡಿ 1976ರಿಂದ ರೇಡಿಯೊ ವೀಕ್ಷಣಾಲಯ ನಡೆಸಿಕೊಂಡು ಬಂದಿವೆ. ಅಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಮ್ಮ 10 ಮೀಟರ್ ಬ್ಯಾಂಡಿಗೆ ತುಸುವೇ ಮೇಲೆ, ಡೈಪೋಲ್‌ಗಳ ಸಾಲುಗಳಿಂದ ಆಕಾಶವನ್ನು ಆಲಿಸಿ ಪಲ್ಸಾರ್‌ಗಳನ್ನೂ ಗಮನಿಸಿದ್ದಾರೆ. ಅಂಥ ಸೂಕ್ಷ್ಮ ಕೆಲಸ ಸಾಧ್ಯವಾದ ಪ್ರದೇಶ ಇದು. ಈ ನಿಶ್ಶಬ್ದ ಕಳೆದುಹೋಗದಂತೆ ಕಾಯುವುದು ಪರದೇಶದ ನಿಲ್ದಾಣವೊಂದನ್ನು ಹಿಡಿಯುವುದಕ್ಕಿಂತ ದೊಡ್ಡ ಕೆಲಸ ಎಂದೇ ನನ್ನ ನಂಬಿಕೆ.

ಪ್ರಶ್ನೆ: ಬಹಳ ವರ್ಷಗಳಿಂದ ಮೋರ್ಸ್ ಬಳಸುತ್ತಿರುವ ಹಿರಿಯ ನಾಗರಿಕ ನಾನು. ಈಗಿನವರು ಗುಂಡಿ ಒತ್ತಿ ಕೂರುತ್ತಾರೆ, ಕಂಪ್ಯೂಟರ್ ಕಂಪ್ಯೂಟರಿನೊಡನೆ ಮಾತನಾಡುತ್ತದೆ. ಇದನ್ನು ಸಂವಹನ ಎನ್ನುವುದು ಹೇಗೆ? — ಕೆಜಿಎಫ್, ಕೋಲಾರ ಜಿಲ್ಲೆ

ಉತ್ತರ: ನಿಮ್ಮ ಆಕ್ಷೇಪದಲ್ಲಿ ತೂಕವಿದೆ. ಎಫ್‌ಟಿ8ರ ಒಂದು ಸಂಪರ್ಕದಲ್ಲಿ ಹೋಗಿಬರುವುದು ಕರೆಸಂಕೇತ, ಗ್ರಿಡ್ (ನಿಲ್ದಾಣ ಇರುವ ಭೂಚೌಕದ ಗುರುತು), ಸಂಕೇತದ ಬಲ ಮತ್ತು 73 ಎಂಬ ವಿದಾಯದ ಶುಭಾಶಯ. ಒಂದೂವರೆ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಎದುರಿನವರ ಹೆಸರೂ ತಿಳಿಯುವುದಿಲ್ಲ. ಸ್ವಂತ ಮಾತು ಸೇರಿಸುತ್ತೇನೆಂದರೆ ಒಂದು ಪಾಳಿಗೆ 13 ಅಕ್ಷರ ಮಾತ್ರ. ಮೋರ್ಸ್‌ನಲ್ಲಿ ಕೈಬರಹದಂತೆ ಗುರುತು ಸಿಗುವ ಕೀಲಿಯ ಲಯ ಇಲ್ಲಿಲ್ಲ. ಆದರೂ ಅದನ್ನು ಯಂತ್ರಗಳ ಹರಟೆ ಎಂದು ತಳ್ಳಿಹಾಕಲಾರೆ. ಯಾವ ಬ್ಯಾಂಡ್, ಯಾವ ಹೊತ್ತು, ಎಲ್ಲಿ ಖಾಲಿ ಜಾಗ, ಯಾರಿಗೆ ಉತ್ತರ ಎಂಬ ನಿರ್ಧಾರಗಳು ಮನುಷ್ಯನವೇ. ತಂತ್ರಾಂಶ ಬರೆದವರೂ ಅದನ್ನು ತಾನೇ ತಾನಾಗಿ ಓಡುವಂತೆ ಬಿಟ್ಟಿಲ್ಲ; ಮುಟ್ಟುವವರಿಲ್ಲದಿದ್ದರೆ ಪ್ರಸಾರವನ್ನು ಕೆಲವೇ ನಿಮಿಷಗಳಲ್ಲಿ ನಿಲ್ಲಿಸುವ ಕಾವಲು ಗಡಿಯಾರ ಅದರಲ್ಲಿದೆ. ಮೇಲಾಗಿ, ತಾರಸಿಯಲ್ಲಿ ಹತ್ತು ಮೀಟರ್ ತಂತಿ ಮಾತ್ರ ಇರುವ ಹುಡುಗಿಯನ್ನು ಅದು ಮೊದಲ ದಿನವೇ ಸಮುದ್ರ ದಾಟಿಸಬಲ್ಲದು. ಹಾಗೆ ಒಳಬಂದವರಲ್ಲಿ ಕೆಲವರಾದರೂ ನಿಮ್ಮ ಬಳಿ ಕೀಲಿ ಹಿಡಿಯುವುದನ್ನು ಕಲಿಯಲು ಬರುತ್ತಾರೆ.

ಕಂಪ್ಯೂಟರ್ ಮುಂದೆ ಕುಳಿತು ಮನಸಾರೆ ಮಾತನಾಡಬೇಕೆಂದರೆ ಪಿಎಸ್‌ಕೆ31 ಇದೆ. ಇಂಗ್ಲೆಂಡಿನ ಹ್ಯಾಮ್ ಪೀಟರ್ ಮಾರ್ಟಿನೆಜ್ ಅವರು 1998ರಲ್ಲಿ ಬಳಕೆಗೆ ತಂದ ಈ ವಿಧಾನದ ವೇಗ ಸೆಕೆಂಡಿಗೆ 31.25 ಬಿಟ್, ಅಂದರೆ ನಿಮಿಷಕ್ಕೆ ಸುಮಾರು 50 ಪದ. ಬೆರಳು ಕುಣಿದಷ್ಟೇ ವೇಗ. ಹೆಚ್ಚು ಬಳಕೆಯಾಗುವ ಅಕ್ಷರಕ್ಕೆ ಚಿಕ್ಕ ಸಂಕೇತ ಎಂಬ ಮೋರ್ಸ್‌ನ ತತ್ತ್ವವನ್ನೇ ಅವರು ಇದರಲ್ಲಿಯೂ ಪಾಲಿಸಿದ್ದಾರೆ. ಎಫ್‌ಎಲ್‌ಡಿಜಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು 14.070ರ ಆಸುಪಾಸಿನಲ್ಲಿ ಒಮ್ಮೆ ಕರೆದು ನೋಡಿ. ಎಫ್‌ಟಿ8ರ ಕಸುವನ್ನು ಉಳಿಸಿಕೊಂಡು ಹರಟೆಗೂ ಅವಕಾಶ ಕೊಡುವ ಜೆಎಸ್8ಕಾಲ್ ಕೂಡ ನಿಮಗೆ ಹಿಡಿಸಬಹುದು. ಕ್ಷೀಣ ಮೋರ್ಸನ್ನು ನುರಿತ ಕಿವಿ ಓದಿದಂತೆ ಯಾವ ತಂತ್ರಾಂಶವೂ ಓದುವುದಿಲ್ಲ ಎಂಬುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

ಪ್ರಶ್ನೆ: 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಬಿದ್ದು ರಸ್ತೆಗಳು ಮುಚ್ಚಿದ್ದನ್ನು ಕಂಡ ಮೇಲೆ, ಮೊಬೈಲ್ ಜಾಲ ಕೈಕೊಟ್ಟಾಗ ಹ್ಯಾಂಡಿಗಳಿಂದಲೇ (ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊಗಳು) ಲಿಖಿತ ಸಂದೇಶ ಕಳುಹಿಸುವ ವ್ಯವಸ್ಥೆ ಬೇಕೆಂದು ನಮ್ಮ ಗೆಳೆಯರ ಬಳಗ ಯೋಚಿಸುತ್ತಿದೆ. ನಾಲ್ವರಿಗೆ ಪರವಾನಗಿ ಇದೆ. ಸಂದೇಶ ಕನ್ನಡದಲ್ಲಿ ಇರಬಹುದೇ? ಪಾಸ್‌ವರ್ಡ್ ಹಾಕಿ ಗೋಪ್ಯವಾಗಿಡಬಹುದೇ? — ಗೌರಿಬಿದನೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಕೂಡದು. ಹ್ಯಾಮ್ ರೇಡಿಯೊ ಎಲ್ಲರೂ ಕೇಳಬಹುದಾದ ಬಯಲು. ಅರ್ಥವನ್ನು ಮರೆಮಾಚುವ ಸಂಕೇತ ಬಳಸುವುದನ್ನು ನಿಯಮಗಳು ಒಪ್ಪುವುದಿಲ್ಲ. ಎಫ್‌ಟಿ8, ಪಿಎಸ್‌ಕೆಗಳ ಕೋಡಿಂಗ್ ಪ್ರಕಟಿತವಾಗಿದ್ದು ಯಾರು ಬೇಕಾದರೂ ಬಿಡಿಸಿ ಓದಬಹುದಾದ್ದರಿಂದ ಅವು ಈ ನಿಷೇಧಕ್ಕೆ ಒಳಪಡುವುದಿಲ್ಲ. ರೋಗಿಯ ಹೆಸರು, ಕಾಯಿಲೆ ಮುಂತಾದ ಖಾಸಗಿ ವಿವರಗಳನ್ನು ಹಾಗಾಗಿ ಸಂದೇಶದಲ್ಲಿ ಬರೆಯಲೇಬೇಡಿ. ನಿಮ್ಮ ದರ್ಜೆಗೆ ಯಾವ ಬಗೆಯ ಪ್ರಸಾರಗಳಿಗೆ ಅನುಮತಿ ಇದೆ ಎಂಬುದನ್ನು ಪರವಾನಗಿಯೊಂದಿಗಿರುವ ಪಟ್ಟಿಯಲ್ಲಿ ನೋಡಿಕೊಳ್ಳಿ.

ಹ್ಯಾಂಡಿಗಳ ನಡುವೆ ಪಠ್ಯ ಕಳುಹಿಸಲು ಎಫ್‌ಎಲ್‌ಡಿಜಿಯ ಎಂಟಿ63 ವಿಧಾನ ಒಳ್ಳೆಯದು. ಇಂಟರ್‌ಫೇಸ್ ಇಲ್ಲದಿದ್ದರೂ ನಡೆಯುತ್ತದೆ: ಕಳುಹಿಸುವವರು ಫೋನಿನ ಅಥವಾ ಲ್ಯಾಪ್‌ಟಾಪಿನ ಸ್ಪೀಕರ್ ಎದುರು ಹ್ಯಾಂಡಿಯ ಮೈಕ್ ಹಿಡಿದು ಪಿಟಿಟಿ ಒತ್ತುತ್ತಾರೆ, ಪಡೆಯುವವರು ತಮ್ಮ ಹ್ಯಾಂಡಿಯ ಸ್ಪೀಕರನ್ನು ಲ್ಯಾಪ್‌ಟಾಪಿನ ಮೈಕ್ ಬಳಿ ಇಡುತ್ತಾರೆ. ಮಳೆಯ ಸದ್ದು, ಅಕ್ಕಪಕ್ಕದವರ ಮಾತು ನಡುವೆ ನುಸುಳಿದರೂ ಎಂಟಿ63 ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಜೊತೆಗೆ ಎಫ್‌ಎಲ್‌ಎಂಎಸ್‌ಜಿ ಎಂಬ ತಂತ್ರಾಂಶ ಬಳಸಿದರೆ ಸಂದೇಶದ ಕೊನೆಗೆ ತಾಳೆಸಂಖ್ಯೆ ಸೇರುವುದರಿಂದ, ಅಂಕಿಯೊಂದು ತಪ್ಪಿದರೂ ಅತ್ತ ಕಡೆ ತಿಳಿಯುತ್ತದೆ. ಎಷ್ಟು ಜನ, ಎಷ್ಟು ಊಟದ ಪೊಟ್ಟಣ ಎಂಬ ಪಟ್ಟಿಗಳಿಗೆ ಇದು ಅತ್ಯಗತ್ಯ.

ಕನ್ನಡದ ವಿಷಯ. ಎಫ್‌ಟಿ8ರಲ್ಲಿ ರೋಮನ್ ಅಕ್ಷರ, ಅಂಕಿ ಮತ್ತು ನಾಲ್ಕೈದು ಚಿಹ್ನೆಗಳಿಗೆ ಮಾತ್ರ ಜಾಗ. ಎಫ್‌ಎಲ್‌ಡಿಜಿ ಯೂನಿಕೋಡ್ ಬಲ್ಲದಾದ್ದರಿಂದ, ಎರಡೂ ಕಡೆ ಅದೇ ಇದ್ದು ಕನ್ನಡ ಫಾಂಟ್ ಇದ್ದರೆ ಕನ್ನಡ ಹೋಗುತ್ತದೆ. ಬೆಲೆ ಮಾತ್ರ ದುಬಾರಿ. ‘ನಮಸ್ಕಾರ’ ಎಂಬುದರಲ್ಲಿ ಒತ್ತು, ದೀರ್ಘ ಸೇರಿ ಏಳು ಯೂನಿಕೋಡ್ ಸಂಕೇತಗಳಿವೆ, ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 21. ಪಿಎಸ್‌ಕೆ31ರಲ್ಲಿ ಇದೇ ಪದವನ್ನು ರೋಮನ್ ಲಿಪಿಯಲ್ಲಿ ಬರೆದರೆ ಸುಮಾರು ಎರಡು ಸೆಕೆಂಡು, ಕನ್ನಡದಲ್ಲಾದರೆ ಎಂಟೊಂಬತ್ತು ಸೆಕೆಂಡು ಹಿಡಿಯುತ್ತದೆ. ಒಂದು ಬೈಟ್ ಕೆಟ್ಟರೆ ಇಡೀ ಅಕ್ಷರ ಹಾಳಾಗುತ್ತದೆ. ಸಂಕೇತ ಗಟ್ಟಿಯಾಗಿರುವ ಹ್ಯಾಂಡಿ ಸಂಪರ್ಕದಲ್ಲಿ ಕನ್ನಡ ಬಳಸಿ, ಕ್ಷೀಣಿಸಿದಾಗ ಕನ್ನಡ ಮಾತನ್ನೇ ರೋಮನ್ ಲಿಪಿಯಲ್ಲಿ ಬರೆಯಿರಿ. ಕರೆಸಂಕೇತ ಹೇಗೂ ರೋಮನ್‌ನಲ್ಲೇ ಇರಬೇಕು. ಬೇಸಿಗೆಯಲ್ಲೇ ಅಭ್ಯಾಸ ಶುರುಮಾಡಿ. ಮಳೆ ಬಂದ ದಿನ ಹೊಸದಾಗಿ ಕಲಿಯಲಾಗದು.

ಪ್ರಶ್ನೆ: ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ನಾನು. ನಮ್ಮಲ್ಲಿ ಯಾರಿಗೂ ಪರವಾನಗಿ ಇಲ್ಲ. ಮಕ್ಕಳಿಗೆ ತೋರಿಸಬಹುದಾದದ್ದು ಏನಾದರೂ ಇದೆಯೆ? — ಶಿಡ್ಲಘಟ್ಟ

ಉತ್ತರ: ಅಗತ್ಯವಾಗಿ ಇದೆ. ಇಂಟರ್‌ನೆಟ್ ಇದ್ದರೆ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ತೆರೆದು, ಅಲ್ಲಿನ ರಿಸೀವರನ್ನು ನಿಮ್ಮ ತರಗತಿಯಿಂದಲೇ ತಿರುಗಿಸಬಹುದು. ಅದರ ಸದ್ದನ್ನು ಅದೇ ಕಂಪ್ಯೂಟರಿನ ತಂತ್ರಾಂಶಕ್ಕೆ ಕೊಟ್ಟರೆ ಎಫ್‌ಟಿ8 ಕರೆಗಳು ಪರದೆಯ ಮೇಲೆ ಸಾಲುಸಾಲಾಗಿ ಮೂಡುತ್ತವೆ.

ಇನ್ನೂ ಸೊಗಸಾದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬರುವ ಚಿತ್ರಗಳು. ಆಗಾಗ ಕೆಲವು ದಿನಗಳ ಮಟ್ಟಿಗೆ ಅಲ್ಲಿಂದ 145.800 ಮೆಗಾಹರ್ಟ್ಸ್ ಎಫ್‌ಎಂನಲ್ಲಿ ನಿಧಾನಗತಿಯ ಟಿವಿ ಚಿತ್ರಗಳನ್ನು ಕಳುಹಿಸುತ್ತಾರೆ. ಒಂದು ಚಿತ್ರಕ್ಕೆ ಸುಮಾರು ಎರಡು ನಿಮಿಷ. ನಿಲ್ದಾಣ ನಮ್ಮ ತಲೆಯ ಮೇಲೆ ಹಾದುಹೋಗುವ ಅವಧಿ ಹೆಚ್ಚೆಂದರೆ ಹತ್ತು ನಿಮಿಷ. ಹತ್ತಿರದ ಹ್ಯಾಮ್ ಒಬ್ಬರನ್ನು ಅವರ ಹ್ಯಾಂಡಿಯೊಂದಿಗೆ ಶಾಲೆಗೆ ಕರೆಯಿರಿ. ಅದರ ಸ್ಪೀಕರ್ ಪಕ್ಕದಲ್ಲಿ ರೋಬೊಟ್36 ಎಂಬ ಆ್ಯಪ್ ಇರುವ ಫೋನ್ ಇಟ್ಟರೆ, ಕೀಚುದನಿಯಂಥ ಸದ್ದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಚಿತ್ರವಾಗುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅವರು ಅದೇ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಹ್ಯಾಮ್ ರೇಡಿಯೊ ಮೂಲಕ ಮಾತನಾಡಿದ್ದನ್ನೂ ಹೇಳಿ. ಹನ್ನೆರಡು ವರ್ಷ ತುಂಬಿದವರು ಪರವಾನಗಿಯ ಪರೀಕ್ಷೆ ಬರೆಯಬಹುದು. ನಿಮ್ಮ ಎಂಟನೆಯ ತರಗತಿಯ ಮಕ್ಕಳೆಲ್ಲ ಅರ್ಹರೇ.

ಪ್ರಶ್ನೆ: ತಂತ್ರಾಂಶ ಗ್ರಿಡ್ ಕೇಳುತ್ತದೆ. ಚಿಕ್ಕಬಳ್ಳಾಪುರದ ಗೆಳೆಯ ಎಂಕೆ83 ಹಾಕಿದ್ದಾನೆ. ಒಂದೇ ಜಿಲ್ಲೆಯಾದ್ದರಿಂದ ನಾನೂ ಅದನ್ನೇ ಹಾಕಬಹುದಲ್ಲವೆ? — ಚಿಂತಾಮಣಿ

ಉತ್ತರ: ಇಲ್ಲ, ನಿಮ್ಮದು ಎಂಕೆ93. ಗ್ರಿಡ್ ಚೌಕಗಳು ಜಿಲ್ಲೆಯ ಗಡಿ ನೋಡುವುದಿಲ್ಲ. ರೇಖಾಂಶದಲ್ಲಿ ಎರಡು ಡಿಗ್ರಿ, ಅಕ್ಷಾಂಶದಲ್ಲಿ ಒಂದು ಡಿಗ್ರಿಯಂತೆ ಭೂಮಿಯನ್ನು ಹಂಚಿದ್ದಾರೆ. 78 ಡಿಗ್ರಿ ಪೂರ್ವ ರೇಖಾಂಶ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಹಾದುಹೋಗುತ್ತದೆ. ಅದರ ಪಶ್ಚಿಮಕ್ಕಿರುವ ತುಮಕೂರು, ಚಿಕ್ಕಬಳ್ಳಾಪುರಗಳು ಎಂಕೆ83, ಪೂರ್ವಕ್ಕಿರುವ ಚಿಂತಾಮಣಿ, ಕೋಲಾರಗಳು ಎಂಕೆ93. ಬೆಂಗಳೂರಿನ ನಡುಭಾಗ 13 ಡಿಗ್ರಿ ಅಕ್ಷಾಂಶದ ಕೆಳಗಿರುವುದರಿಂದ ಎಂಕೆ82.

ಪ್ರಶ್ನೆ: ರಜೆಯಲ್ಲಿ ಬೆಟ್ಟದ ಮೇಲೆ ರಿಗ್ ಒಯ್ದಿದ್ದೆವು. ಇಂಟರ್‌ನೆಟ್ ಇರಲಿಲ್ಲ. ಸಂಕೇತಗಳು ಚೆನ್ನಾಗಿ ಕಾಣುತ್ತಿದ್ದರೂ ಒಂದೂ ಡಿಕೋಡ್ ಆಗಲಿಲ್ಲ. — ಮಧುಗಿರಿ

ಉತ್ತರ: ರಿಗ್ಗನ್ನು ಯುಎಸ್‌ಬಿಯಲ್ಲೇ (ಮೇಲಿನ ಪಾರ್ಶ್ವ) ಇಟ್ಟಿದ್ದರೆ, ಲ್ಯಾಪ್‌ಟಾಪಿನ ಗಡಿಯಾರ ಸರಿದಿದೆ. ಎಲ್ಲರ ಪಾಳಿಗಳೂ ಒಂದೇ ಕ್ಷಣದಲ್ಲಿ ಆರಂಭವಾಗಬೇಕಾದ್ದರಿಂದ, ಎಫ್‌ಟಿ8ರಲ್ಲಿ ಗಡಿಯಾರ ಒಂದು ಸೆಕೆಂಡಿನೊಳಗೆ ನಿಖರವಾಗಿದ್ದರೆ ಒಳ್ಳೆಯದು. ಎರಡು ಸೆಕೆಂಡು ಮೀರಿದರೆ ಡಿಕೋಡ್ ನಿಂತೇಹೋಗುತ್ತದೆ. ಹೊರಡುವ ಮುನ್ನ ಇಂಟರ್‌ನೆಟ್ ಮೂಲಕ ಸಮಯ ಹೊಂದಿಸಿ, ಜೊತೆಗೆ ಯುಎಸ್‌ಬಿ ಜಿಪಿಎಸ್ ರಿಸೀವರ್ ಒಯ್ಯಿರಿ. ಅದೂ ಇಲ್ಲದಾಗ ಫೋನಿನ ಜಿಪಿಎಸ್ ಸಮಯ ನೋಡಿ ಕೈಯಿಂದಲೇ ಹತ್ತಿರಕ್ಕೆ ತನ್ನಿ. ಡಿಕೋಡ್ ಶುರುವಾದ ಮೇಲೆ ಸಮಯದ ವ್ಯತ್ಯಾಸವನ್ನು ಸೆಕೆಂಡುಗಳಲ್ಲಿ ತೋರಿಸುವ ಡಿಟಿ ಎಂಬ ಕಂಬಸಾಲನ್ನು ಗಮನಿಸಿ: ಎಲ್ಲ ನಿಲ್ದಾಣಗಳಿಗೂ +1.0ರ ಆಸುಪಾಸು ತೋರಿಸುತ್ತಿದ್ದರೆ ನಿಮ್ಮ ಗಡಿಯಾರ ಒಂದು ಸೆಕೆಂಡು ಮುಂದಿದೆ, ಅಷ್ಟು ಹಿಂದಿಡಿ, −1.0 ಇದ್ದರೆ ಮುಂದಿಡಿ. ಒಬ್ಬರೇ ಬೇರೆ ತೋರಿಸುತ್ತಿದ್ದರೆ ತಪ್ಪು ಅವರ ಗಡಿಯಾರದ್ದು, ನಿಮ್ಮದನ್ನು ಮುಟ್ಟಬೇಡಿ.